ಗಟ್ಟಿ ಆಯಿಲಿನ ಭ್ರಮೆ

ಹಳೇ ಟ್ರ್ಯಾಕ್ಟರಿನ ಗೇರ್ ಬಾಕ್ಸ್ ಗುಂಯ್ ಅಂದರೆ ಸಾಕು, ನಮ್ಮ ಆವತಿ ಕಡೆ ಸಿಗುವ ಮೊದಲ ಸಲಹೆ: '140 ನಂಬರಿನ ಗಟ್ಟಿ ಆಯಿಲ್ ಹಾಕ್ಸಿ ಸ್ವಾಮಿ, ಸದ್ದು ಅಡಗುತ್ತೆ.' ಅಡಗುವುದೇನೋ ನಿಜ. ಆದರೆ ನಿಮ್ಮದು ಹಳೇ ಮ್ಯಾಸಿ 1035 ಆಗಿದ್ದರೆ ಆ ಮಾತಿಗೆ ಕಿವಿಗೊಡಬೇಡಿ.

ಹ್ಯಾರಿ ಫರ್ಗ್ಯುಸನ್ 1946ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಿಂದ ಹೊರತಂದ ಟಿಇ-20 ಟ್ರ್ಯಾಕ್ಟರಿನಲ್ಲಿ ಲಿಫ್ಟಿನ ಪಂಪನ್ನು ಹೊರಗೆಲ್ಲೂ ತೂಗುಹಾಕಲಿಲ್ಲ. ಹಿಂದಿನ ಹೌಸಿಂಗಿನೊಳಗೆ, ಆಯಿಲಿನಲ್ಲಿ ಮುಳುಗುವಂತೆ ಕೂರಿಸಿದ. ಗೇರು, ಡಿಫರೆನ್ಷಿಯಲ್ಲು, ಲಿಫ್ಟು ಮೂರಕ್ಕೂ ಒಂದೇ ಆಯಿಲ್. 1953ರಲ್ಲಿ ಅವನ ಕಂಪನಿ ಮ್ಯಾಸಿ-ಹ್ಯಾರಿಸ್ ಜತೆ ಕೂಡಿಕೊಂಡಿತು. 1960ರಲ್ಲಿ ಮದರಾಸಿನಲ್ಲಿ ಟಾಫೆ ಹುಟ್ಟಿದ ಮೇಲೆ ಅದೇ ವಂಶದ ಗಾಡಿಗಳು ನಮ್ಮ ರಾಗಿ ಹೊಲಗಳಿಗೆ ಇಳಿದವು.

ಹಾಗಾಗಿ ಇಲ್ಲಿ ಆಯಿಲ್ ಆರಿಸುವಾಗ ಗೇರಿನ ಮಾತಿಗಿಂತ ಪಂಪಿನ ಮಾತು ನಡೆಯಬೇಕು. ನಂದಿ ಬೆಟ್ಟದ ಕಡೆಯಿಂದ ಮಂಜು ಇಳಿಯುವ ಮಾರ್ಗಶಿರದ ಬೆಳಗಿನಲ್ಲಿ 140 ನಂಬರಿನ ಆಯಿಲ್ ಜಾಲರಿ ದಾಟಿ ಪಂಪಿಗೆ ಬರಲು ತಿಣುಕುತ್ತದೆ. ಕಲ್ಟಿವೇಟರ್ ಅರ್ಧಕ್ಕೆ ಎದ್ದು ನಡುಗುತ್ತದೆ. ಆಗ ಬೈಗುಳ ಬೀಳುವುದು ಲಿಫ್ಟಿಗೆ, ಖರ್ಚು ಬೀಳುವುದು ರಿಂಗು, ಸೀಲುಗಳಿಗೆ. ಕಂಪನಿಯ ಪುಸ್ತಕದಲ್ಲಿ ಹೇಳಿದ ದರ್ಜೆಯನ್ನೇ ಕೇಳಿ ತನ್ನಿ. ಡಬ್ಬದ ಮೇಲೆ ಜಿಎಲ್-5 ಎಂದಿದ್ದರೆ ಇನ್ನೊಮ್ಮೆ ಯೋಚಿಸಿ. ಅದರಲ್ಲಿ ಹೆಚ್ಚಿಗೆ ಇರುವ ಗಂಧಕ-ರಂಜಕದ ಅಂಶ ಹಳೇ ಗಾಡಿಗಳ ಕಂಚಿನ ಬುಷ್‌ಗಳನ್ನು ತಿನ್ನಬಹುದು.

ಆಯಿಲ್ ಕೆಡುವುದು ಉತ್ತಿದ್ದಕ್ಕಿಂತ ನಿಂತಿದ್ದಕ್ಕೇ ಹೆಚ್ಚು. ಕೊಟ್ಟಿಗೆಯ ಜಾಗ ಸೈಟಾಗಿ ಮಾರಿಹೋಗಿ, ಗಾಡಿ ಬಯಲಲ್ಲಿ ನೆನೆಯುವ ಕಾಲ ಇದು. ಗೇರ್ ಲಿವರಿನ ಬುಡದ ರಬ್ಬರ್ ಹರಿದಿದ್ದರೆ ಹಸ್ತಾ ಚಿತ್ತಾ ಮಳೆಯೆಲ್ಲ ಒಳಗೇ. ಮಳೆ ಇಲ್ಲದಿದ್ದರೂ ಹಗಲು ಕಾದು ರಾತ್ರಿ ತಣಿಯುವ ಹೌಸಿಂಗಿನ ಒಳಗೋಡೆಯ ಮೇಲೆ ನೀರು ಬೆವರಿ ಕೆಳಗಿಳಿಯುತ್ತದೆ. ಡಿಪ್ ಸ್ಟಿಕ್ ಎಳೆದಾಗ ಆಯಿಲ್ ರಾಗಿ ಅಂಬಲಿಯಂತೆ ಕಂಡರೆ ಗಂಟೆ ಲೆಕ್ಕ ಹಾಕುತ್ತ ಕೂರಬೇಡಿ, ಬದಲಿಸಿಬಿಡಿ. ಸಾಮಾನ್ಯವಾಗಿ ಹೇಳುವ 1000 ಗಂಟೆಯ ಗಡುವು ಒಣಗಿದ ಗಾಡಿಗೆ. ಮೀಟರ್ ಕೆಟ್ಟು ಯಾವ ಕಾಲವಾಯಿತೋ, ಅದು ಬೇರೆ ಮಾತು!

ರಾತ್ರಿಯಿಡೀ ನಿಂತ ಗಾಡಿಯಲ್ಲಿ ನೀರು ತಳ ಸೇರಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಡ್ರೈನ್ ಬೋಲ್ಟನ್ನು ಎರಡು ಸುತ್ತು ಮಾತ್ರ ಸಡಿಲಿಸಿ. ಮೊದಲು ತೊಟ್ಟಿಕ್ಕುವುದು ನೀರೇ. ಆಯಿಲ್ ಬಣ್ಣ ಬಂದ ಕೂಡಲೇ ಬಿಗಿ ಮಾಡಿ, ಗಾಡಿಯನ್ನು ಒಂದು ಗಂಟೆ ಕೆಲಸಕ್ಕೆ ಹಚ್ಚಿ. ಬಿಸಿಯಾದ ಮೇಲೆ ಲಿಫ್ಟನ್ನು ಪೂರ್ತಿ ಕೆಳಗಿಳಿಸಿ ಬೋಲ್ಟುಗಳನ್ನೆಲ್ಲ ಬಿಚ್ಚಿ. ಒಂದಕ್ಕಿಂತ ಹೆಚ್ಚಿರುತ್ತವೆ, ಮಣ್ಣು ಕೆರೆದು ಹುಡುಕಿ. ತಳದ ಕೆಸರನ್ನು ಬೆರಳಲ್ಲಿ ಉಜ್ಜಿ ನೋಡಿ. ನುಣ್ಣಗಿನ ಬೂದುಬಣ್ಣದ ಪುಡಿ ಹಳೇ ಗಾಡಿಗೆ ಸಹಜ. ಹೊಂಬಣ್ಣದ ಮಿನುಗು ಕಂಡರೆ ಬುಷ್ ಸವೆದಿದೆ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಹೊಸ ಆಯಿಲ್ ಹುಯ್ಯದೆ ಮೆಕ್ಯಾನಿಕ್‌ನನ್ನು ಕರೆಸಿ.

ಡೀಸೆಲ್ ಹುಯ್ದು ಓಡಿಸಿ ತೊಳೆಯುವುದಕ್ಕೆ ನಾನು ಒಪ್ಪುವುದಿಲ್ಲ. ಗೇರಿನ ಹಲ್ಲಿಗೆ, ಬೇರಿಂಗಿಗೆ ಅದು ಸಾಕಷ್ಟು ಜಿಡ್ಡು ಕೊಡದು, ಎದ್ದ ಗಷ್ಟೆಲ್ಲ ಪಂಪಿನ ಜಾಲರಿಗೆ ಬಂದು ಕೂರುತ್ತದೆ. ಅಗ್ಗದ ಆಯಿಲ್ ಹಾಕಿ, ಭಾರವಿಲ್ಲದೆ ಸ್ವಲ್ಪ ಹೊತ್ತು ಓಡಿಸಿ ಇಳಿಸುವುದು ಲೇಸು. ಹೊಸದು ತುಂಬಿದ ಮೇಲೆ ಲಿಫ್ಟನ್ನು ಹತ್ತಾರು ಸಲ ಎತ್ತಿ ಇಳಿಸಿ, ಮತ್ತೆ ಅಳೆಯಿರಿ. ಮಟ್ಟ ಇಳಿದಿರುತ್ತದೆ.

ಇಳಿಸಿದ ಹಳೇ ಆಯಿಲನ್ನು ಬೇಲಿ ಗೂಟಕ್ಕೆ ಬಳಿಯುವುದು, ಕಾಲುವೆಗೆ ಸುರಿಯುವುದು ಇನ್ನು ಸಾಕು. ಅಪಾಯಕಾರಿ ತ್ಯಾಜ್ಯದ 2016ರ ನಿಯಮಗಳಡಿ ಅದು ಪರವಾನಗಿ ಪಡೆದ ಸಂಸ್ಕರಣಾ ಘಟಕಕ್ಕೇ ಹೋಗಬೇಕು. ಡ್ರಮ್ಮಿನಲ್ಲಿ ಕೂಡಿಟ್ಟು, ಆ ಘಟಕಗಳಿಗೆ ಸಾಗಿಸುವವರಿಗೆ ಕೊಡಿ.