ಅಳತೆಗೋಲು ಯಾರದು?

ಅಮೆರಿಕದಲ್ಲಿರುವ ನಮ್ಮವರ ಮಕ್ಕಳೂ ಕಾಲೇಜಿಗೆಂದು ಬರೆಯುವ ‘ಸ್ಯಾಟ್’ ಪರೀಕ್ಷೆ 1926ರಲ್ಲಿ ಶುರುವಾದಾಗ ಅದರ ಹೆಸರಿನಲ್ಲೇ ‘ಆಪ್ಟಿಟ್ಯೂಡ್’ ಎಂಬ ಮಾತಿತ್ತು. ಹುಟ್ಟಿನಿಂದ ಬಂದ ಬುದ್ಧಿಯನ್ನೇ ಅಳೆಯುತ್ತೇವೆಂಬ ಜಂಬ! 2005ರವರೆಗೂ ಅದರಲ್ಲಿ ಜೋಡಿಪದಗಳ ಪ್ರಶ್ನೆಗಳಿದ್ದವು. ಹಳೆಯದೊಂದನ್ನು ನೋಡಿ: ಓಟಗಾರನಿಗೆ ಮ್ಯಾರಥಾನ್ ಹೇಗೋ, ದೋಣಿಗೆ ಹುಟ್ಟು ಹಾಕುವವನಿಗೆ ಯಾವುದು ಹಾಗೆ? ಉತ್ತರ ‘ರೆಗಾಟ’, ಅಂದರೆ ದೋಣಿ ಪಂದ್ಯ. ಉಳ್ಳವರ ಕ್ಲಬ್ಬಿನ ಈ ಪದ ಬಸ್ ಓಡಿಸುವವನ ಮಗಳ ಕಿವಿಗೆ ಎಲ್ಲಿಂದ ಬಿದ್ದೀತು? ಅವಳ ಬುದ್ಧಿಗೆಂದು ಹಿಡಿದ ಕೋಲು ಅವಳಪ್ಪನ ಮನೆಯ ಮಾತುಕತೆಯನ್ನು ಅಳೆದುಕೊಂಡು ಬಂತು, ಅಷ್ಟೆ.

ಇದರ ಜೊತೆಗೆ ರಸಾಯನಶಾಸ್ತ್ರ, ಇತಿಹಾಸ, ಗಣಿತ ಎಂದು ಒಂದೊಂದು ಗಂಟೆಯ ವಿಷಯ ಪರೀಕ್ಷೆಗಳೂ ಇದ್ದವು. ನನಗೇನೋ ಇವೇ ಹೆಚ್ಚು ನ್ಯಾಯದವು ಅನ್ನಿಸುತ್ತದೆ. ಟೀಚರು ಹೇಳಿಕೊಟ್ಟದ್ದನ್ನು, ಹುಡುಗಿ ಕೂತು ಓದಿದ್ದನ್ನು ಕೇಳುತ್ತಿದ್ದವು. 2001ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ರಿಚರ್ಡ್ ಅಟ್ಕಿನ್ಸನ್ ಕೂಡ ಮುಖ್ಯ ಸ್ಯಾಟ್ ಬಿಟ್ಟು ಸದ್ಯಕ್ಕೆ ವಿಷಯ ಪರೀಕ್ಷೆಗಳನ್ನೇ ನೋಡೋಣ ಎಂದಿದ್ದರು. ಆದರೆ 2021ರಲ್ಲಿ ಕಾಲೇಜ್ ಬೋರ್ಡ್ ನಿಲ್ಲಿಸಿದ್ದು ಇವನ್ನೇ, ಸ್ಯಾಟ್ ಉಳಿಯಿತು. ‘ಎ.ಪಿ.’ ಎಂಬ ಮೇಲ್ಮಟ್ಟದ ಪಾಠಗಳ ಪರೀಕ್ಷೆ ಇದೆಯಲ್ಲ ಎಂದರು ಬೋರ್ಡಿನವರು. ಆ ಪಾಠಗಳನ್ನೇ ನಡೆಸಲಾಗದ ಹಳ್ಳಿಶಾಲೆಗಳು ಅಮೆರಿಕದಲ್ಲೂ ಇವೆ.