ಗ್ಲೂಕೋಮೀಟರ್ ಸರಿಯೇ? ಮೊದಲು ನಮ್ಮ ಪರೀಕ್ಷೆ ಸರಿಯೇ?

ಸಕ್ಕರೆ ಕಾಯಿಲೆ ಇರುವ ಅನೇಕ ಮನೆಗಳಲ್ಲಿ ಈಗ ಗ್ಲೂಕೋಮೀಟರ್ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯೊಂದು (2023ರಲ್ಲಿ ಪ್ರಕಟ) ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿದೆ. ಮೀಟರಿನ ಬಗ್ಗೆ ಅನುಮಾನ ಬಂದಾಗ ನಾವು ಸಾಮಾನ್ಯವಾಗಿ ಮೂರು ಕೆಲಸ ಮಾಡುತ್ತೇವೆ: ಇನ್ನೊಂದು ಬೆರಳು ಚುಚ್ಚಿ ನೋಡುತ್ತೇವೆ, ಇನ್ನೊಂದು ಮೀಟರಿನೊಡನೆ ಹೋಲಿಸುತ್ತೇವೆ, ಪ್ರಯೋಗಾಲಯದ ವರದಿಯೊಡನೆ ತಾಳೆ ಹಾಕುತ್ತೇವೆ. ನಾವು ಮಾಡುವ ರೀತಿಯಲ್ಲಿ ಇವು ಮೂರೂ ಪರೀಕ್ಷೆ ಎನಿಸಿಕೊಳ್ಳುವುದಿಲ್ಲ. ಏಕೆಂದು ನೋಡೋಣ.

ಅಂಗಡಿಯ ತೂಕದ ಕಲ್ಲು ಸವೆದು 950 ಗ್ರಾಂ ಆಗಿದೆ ಎನ್ನಿ. ಹತ್ತು ಸಲ ತೂಗಿದರೂ ಉತ್ತರ ಒಂದೇ. ಆದರೆ ಹತ್ತು ಸಲವೂ ತಪ್ಪು. ಮತ್ತೆ ಮತ್ತೆ ಒಂದೇ ಅಂಕಿ ಬರುವುದು ನಿಷ್ಕೃಷ್ಟತೆ. ನಿಜವಾದ ಅಂಕಿಗೆ ಹತ್ತಿರವಿರುವುದು ನಿಖರತೆ. ಎರಡನೆಯ ಬೆರಳು ಮೊದಲನೆಯದನ್ನಷ್ಟೇ ತಿಳಿಸೀತು. ಎರಡು ಮೀಟರುಗಳು ಭಿನ್ನ ಅಂಕಿ ತೋರಿಸಿದರೆ ಯಾವುದು ತಪ್ಪೆಂದು ತಿಳಿಯದು, ಎರಡೂ ತಪ್ಪಾಗಿರಬಹುದು.

ಪ್ರಯೋಗಾಲಯದ ವರದಿಯಾದರೂ ನಂಬಲರ್ಹವಲ್ಲವೆ? ಹೌದು, ಆದರೆ ರಕ್ತ ಕಾಯುತ್ತಾ ಕುಳಿತಿರಬಾರದು. ಕೊಳವೆಗೆ ಬಂದ ಮೇಲೂ ರಕ್ತಕಣಗಳು ಗ್ಲೂಕೋಸನ್ನು ಬಳಸುತ್ತಲೇ ಇರುತ್ತವೆ. ಕಣಗಳನ್ನು ಬೇರ್ಪಡಿಸದಿದ್ದರೆ ಕೊಠಡಿಯ ಉಷ್ಣತೆಯಲ್ಲಿ ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು ಗ್ಲೂಕೋಸ್ ಕಡಿಮೆಯಾಗುತ್ತದೆ. ಕೊಳವೆಗೆ ಹಾಕುವ ಫ್ಲೋರೈಡ್ ಇದನ್ನು ತಡೆಯುತ್ತದೆಯಾದರೂ ಅದರ ಪೂರ್ಣ ಪರಿಣಾಮ ಕಾಣಲು ಒಂದೆರಡು ಗಂಟೆ ಬೇಕು.

ಹನೂರು ತಾಲ್ಲೂಕಿನ ಬಂಡಳ್ಳಿಯಲ್ಲಿ ಸಾಮಾನ್ಯ ಕೊಳವೆಗೆ ರಕ್ತ ತೆಗೆದು, ಕೊಳ್ಳೇಗಾಲದ ಪ್ರಯೋಗಾಲಯಕ್ಕೆ ಕಳುಹಿಸಿ, ಎರಡು ಗಂಟೆಯ ನಂತರ ಕಣಗಳನ್ನು ಬೇರ್ಪಡಿಸಿದರು ಎಂದಿಟ್ಟುಕೊಳ್ಳಿ. ರಕ್ತ ತೆಗೆದಾಗ ಗ್ಲೂಕೋಸ್ 200 ಮಿ.ಗ್ರಾಂ/ಡೆ.ಲೀ. ಇತ್ತು, ಮೀಟರು 205 ತೋರಿಸಿತು. ವರದಿಯಲ್ಲಿ ಬರುವುದು ಸುಮಾರು 176. ವ್ಯತ್ಯಾಸ ಶೇ. 16! "ಮೀಟರು ಕೆಟ್ಟಿದೆ" ಎಂದು ನೀವು ತೀರ್ಮಾನಿಸುತ್ತೀರಿ. ಇದಕ್ಕಿಂತ ಅಪಾಯಕಾರಿ ಇನ್ನೊಂದಿದೆ: ಶೇ. 15ರಷ್ಟು ಕಡಿಮೆ ತೋರಿಸುವ ಮೀಟರಿನಲ್ಲಿ 170 ಬರುತ್ತದೆ, ಅದು ವರದಿಗೆ ಚೆನ್ನಾಗಿ ಹೊಂದುತ್ತದೆ. ಒಳ್ಳೆಯದು ಕಸಕ್ಕೆ, ಕೆಟ್ಟದ್ದು ಬಳಕೆಗೆ.

ಊಟವಾದ ಮೇಲಿನ ಹೋಲಿಕೆಗೂ ಇಂಥದೇ ತೊಡಕು. ಆಗ ಬೆರಳಿನ ಲೋಮನಾಳದ ರಕ್ತದಲ್ಲಿ ಗ್ಲೂಕೋಸ್ ತೋಳಿನ ಅಭಿಧಮನಿಯ ರಕ್ತಕ್ಕಿಂತ ಸಹಜವಾಗಿಯೇ ಹೆಚ್ಚಿರುತ್ತದೆ. ಬರಿಹೊಟ್ಟೆಯಲ್ಲಿ ಈ ಅಂತರ ಅತ್ಯಲ್ಪ.

ಪಟ್ಟಿಯ ಕಡೆಗೂ ನೋಡಿ. ಪಟ್ಟಿಯಲ್ಲಿರುವ ಕಿಣ್ವ ಗ್ಲೂಕೋಸಿನೊಡನೆ ವರ್ತಿಸಿ ಎಲೆಕ್ಟ್ರಾನುಗಳನ್ನು ಬಿಡಿಸುತ್ತದೆ; ಆ ವಿದ್ಯುತ್ತನ್ನು ಮೀಟರು ಅಂಕಿಯಾಗಿ ತೋರಿಸುತ್ತದೆ. ತೇವ ಮತ್ತು ಬಿಸಿ ಕಿಣ್ವಕ್ಕೆ ಆಗದು. ಅನೇಕ ಪಟ್ಟಿಗಳ ಡಬ್ಬಿಯ ಮೇಲೆ ಗರಿಷ್ಠ 30 ಡಿಗ್ರಿ ಸೆಲ್ಸಿಯಸ್ ಎಂದಿರುತ್ತದೆ. ನಮ್ಮ ಬೇಸಗೆಯಲ್ಲಿ ಹೆಂಚಿನ ಮನೆಯ ಗೂಡು ಅದನ್ನು ಸುಲಭವಾಗಿ ದಾಟುತ್ತದೆ. ರಕ್ತಹೀನತೆ ಇದ್ದರೆ ಅನೇಕ ಮೀಟರುಗಳು ನಿಜಕ್ಕಿಂತ ಹೆಚ್ಚು ತೋರಿಸುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15–49 ವಯಸ್ಸಿನ ಮಹಿಳೆಯರಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿಗೆ ರಕ್ತಹೀನತೆ ಇದೆ. ಆದ್ದರಿಂದ ಇದನ್ನು ಅಪರೂಪದ ಸಂಗತಿ ಎನ್ನುವಂತಿಲ್ಲ. ಹಣ್ಣು, ಬೆಲ್ಲ ಮುಟ್ಟಿದ ಬೆರಳನ್ನು ತೊಳೆಯದೆ ಚುಚ್ಚಿದರೂ ಅಂಕಿ ಏರುತ್ತದೆ. ಸ್ಪಿರಿಟ್ ಹತ್ತಿಯಿಂದ ಒರೆಸಿದರೆ ಸಾಲದು.

ಹಾಗಾದರೆ ಸರಿಯಾದ ಕ್ರಮ ಯಾವುದು? ಮೀಟರನ್ನು ಪ್ರಯೋಗಾಲಯಕ್ಕೇ ಕೊಂಡೊಯ್ಯಿರಿ. ಬರಿಹೊಟ್ಟೆಯಲ್ಲಿರಿ. ಕೈಯನ್ನು ಸೋಪಿನಿಂದ ತೊಳೆದು ಒಣಗಿಸಿ. ತೋಳಿನಿಂದ ರಕ್ತ ತೆಗೆದ ಐದು ನಿಮಿಷದೊಳಗೆ ಬೆರಳು ಚುಚ್ಚಿ ಅಂಕಿ ಬರೆದುಕೊಳ್ಳಿ. ಕಣಗಳನ್ನು ಅರ್ಧ ಗಂಟೆಯೊಳಗೆ ಬೇರ್ಪಡಿಸಲು ಕೇಳಿಕೊಳ್ಳಿ. ಬೇರೆ ಬೇರೆ ದಿನ ಮೂರು ನಾಲ್ಕು ಹೋಲಿಕೆ ಮಾಡಿ. ವ್ಯತ್ಯಾಸ ಯಾವಾಗಲೂ ಒಂದೇ ದಿಕ್ಕಿಗಿದ್ದರೆ ಅದು ವ್ಯವಸ್ಥಿತ ದೋಷ. ಅತ್ತಿತ್ತ ಹೊಯ್ದಾಡಿದರೆ ಯಾದೃಚ್ಛಿಕ ದೋಷ.

ಎಷ್ಟು ವ್ಯತ್ಯಾಸ ಒಪ್ಪಬಹುದು? ಐಎಸ್‌ಒ 15197 (2013) ಮಾನಕದ ಪ್ರಕಾರ ನೂರರಲ್ಲಿ 95 ಅಂಕಿಗಳು, ಗ್ಲೂಕೋಸ್ 100ಕ್ಕಿಂತ ಕಡಿಮೆ ಇದ್ದಾಗ 15 ಮಿ.ಗ್ರಾಂ/ಡೆ.ಲೀ. ಒಳಗೆ, 100 ಅಥವಾ ಹೆಚ್ಚಿದ್ದಾಗ ಶೇ. 15ರೊಳಗೆ ಇರಬೇಕು. ಎಂದರೆ ಉಳಿದ ಐದು ಹೊರಗಿದ್ದರೂ ಮೀಟರು ಉತ್ತೀರ್ಣ! ಒಂದೇ ಹೋಲಿಕೆಯಿಂದ ಮೀಟರನ್ನು ದೂಷಿಸುವುದೂ ಹೊಗಳುವುದೂ ಎರಡೂ ತಪ್ಪೆಂಬುದು ಇದರಿಂದ ಸ್ಪಷ್ಟ. ಇನ್ನೂ ಒಂದು ಲೆಕ್ಕ ಮಾಡಿ. ನಿಜವಾದ ಅಂಕಿ 70 ಇದ್ದಾಗ ಮೀಟರು 55 ಎಂದರೂ ಸರಿ, 85 ಎಂದರೂ ಸರಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಮೊದಲನೆಯದು ತಕ್ಷಣ ಸಕ್ಕರೆ ತಿನ್ನಬೇಕಾದ ಸ್ಥಿತಿ. ಎರಡನೆಯದು ನಿಶ್ಚಿಂತೆಯ ಸ್ಥಿತಿ. ಆದ್ದರಿಂದ ಬೆವರು, ನಡುಕ, ತಲೆಸುತ್ತು ಇದ್ದರೆ ಮೀಟರಿನ ಅಂಕಿ ಏನೇ ಇರಲಿ, ಮೊದಲು ಸಕ್ಕರೆ ತಿನ್ನಿಸಿ. ಒಂದೇ ಅಂಕಿ ನೋಡಿ ಔಷಧಿಯ ಪ್ರಮಾಣವನ್ನು ಬದಲಿಸಬೇಡಿ.

ತಯಾರಕರ ಮೇಲೂ ಆಕ್ಷೇಪಣೆ ಇದೆ. ಗೊತ್ತಾದ ಪ್ರಮಾಣದ ಗ್ಲೂಕೋಸ್ ಇರುವ ನಿಯಂತ್ರಣ ದ್ರಾವಣದಿಂದ ಮೀಟರನ್ನೂ ಪಟ್ಟಿಯನ್ನೂ ಪರೀಕ್ಷಿಸಬಹುದು. ಅಂಕಿ ಎಷ್ಟರಿಂದ ಎಷ್ಟರೊಳಗೆ ಬರಬೇಕೆಂದು ಪಟ್ಟಿಯ ಡಬ್ಬಿಯ ಮೇಲೆಯೇ ಮುದ್ರಿಸಿರುತ್ತಾರೆ. ಆದರೆ ಅನೇಕ ಮೀಟರುಗಳ ಪೆಟ್ಟಿಗೆಯಲ್ಲಿ ದ್ರಾವಣವೇ ಇರುವುದಿಲ್ಲ. ನಿಮ್ಮ ಊರಿನ ಔಷಧಿ ಅಂಗಡಿಯಲ್ಲಿ ಕೇಳಿ ನೋಡಿ. ಅಲ್ಲದೆ ಆ ಮಿತಿಗಳ ಅಂತರ ಸಾಮಾನ್ಯವಾಗಿ ವಿಶಾಲ. ಅದರೊಳಗೆ ಬಂದರೆ ಉಪಕರಣ ಕೆಲಸ ಮಾಡುತ್ತಿದೆ ಎಂದಷ್ಟೇ ಅರ್ಥ. ನಿಮ್ಮ ಬೆರಳು, ನಿಮ್ಮ ರಕ್ತದ ವಿಷಯ ಅದರಿಂದ ತಿಳಿಯದು.

ಉಪಾಧ್ಯಾಯರೇ, ಈ ದ್ರಾವಣ ಸಿಕ್ಕರೆ ತರಗತಿಯಲ್ಲಿ ಆರು ಪಟ್ಟಿಗಳಿಂದ ಆರು ಅಂಕಿ ತೆಗೆಸಿ, ಸರಾಸರಿಯನ್ನೂ ಹರಹನ್ನೂ ವಿದ್ಯಾರ್ಥಿಗಳಿಂದ ಲೆಕ್ಕ ಮಾಡಿಸಿ. ಯಾರ ಬೆರಳನ್ನೂ ಚುಚ್ಚುವುದು ಬೇಡ. ಒಬ್ಬರ ಸೂಜಿ ಇನ್ನೊಬ್ಬರಿಗೆ ಖಂಡಿತ ಸಲ್ಲದು. ಅನಂತರ ಮನೆಯಲ್ಲಿರುವ ಹಳೆಯ ಪ್ರಯೋಗಾಲಯದ ವರದಿಗಳನ್ನು ತರಲು ಹೇಳಿ. ರಕ್ತ ತೆಗೆದ ವೇಳೆ, ಪರೀಕ್ಷಿಸಿದ ವೇಳೆ ಎರಡೂ ಅದರಲ್ಲಿ ನಮೂದಾಗಿವೆಯೇ? ಇಲ್ಲದಿದ್ದರೆ ಆ ವರದಿಯನ್ನು ಹಿಡಿದು ಮೀಟರನ್ನು ಅಳೆಯಲು ಬರುವುದಿಲ್ಲ.