ಕಾರ್ಡಿನೊಳಗೆ ಇಲ್ಲದ ಹೆಸರು

ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರದಲ್ಲಿ ಯಂತ್ರೋಪಕರಣಗಳ ಮೇಳ ನಡೆದಾಗ ಪೀಣ್ಯದ ಸಣ್ಣ ಉದ್ಯಮಿಯೊಬ್ಬರು ಕಪ್ಪು ಪ್ಲಾಸ್ಟಿಕ್ ಕಾರ್ಡೊಂದನ್ನು ನನ್ನ ಫೋನಿನ ಬೆನ್ನಿಗೆ ತಾಗಿಸಿದರು. ಪರದೆಯ ಮೇಲೆ ಅವರ ಫೋಟೊ, ಹುದ್ದೆ, ಕಂಪನಿಯ ಲಾಂಛನ ಮೂಡಿದವು. ಮಾತಿನ ಭರದಲ್ಲಿ ನಂಬರ್ ಸೇವ್ ಮಾಡಲಿಲ್ಲ, ಲಿಂಕ್ ಇದೆಯಲ್ಲ ಎಂಬ ಧೈರ್ಯ. ಒಂದೂವರೆ ವರ್ಷದ ಮೇಲೆ ಗೇರ್ ಕೆಲಸಕ್ಕೆ ಅವರೇ ಬೇಕಾದರು. ಲಿಂಕ್ ಒತ್ತಿದರೆ ಈ ಪ್ರೊಫೈಲ್ ಲಭ್ಯವಿಲ್ಲ ಎಂಬ ಸಾಲು ಬಂತು. ಕಾರ್ಡಿನ ಕಂಪನಿಗೆ ಕಟ್ಟುವ ವಾರ್ಷಿಕ ಚಂದಾ ನಿಲ್ಲಿಸಿದ್ದರಂತೆ. ಅದೇ ಮೇಳದಲ್ಲಿ ಸಿಕ್ಕ ಕಾಗದದ ವಿಸಿಟಿಂಗ್ ಕಾರ್ಡುಗಳು ರಬ್ಬರ್ ಬ್ಯಾಂಡ್ ಹಾಕಿಕೊಂಡು ನನ್ನ ಡ್ರಾಯರಿನಲ್ಲಿ ಹಾಗೇ ಇವೆ.

ಡಿಜಿಟಲ್ ಕಾರ್ಡಿಗೆ ಈಗ ಬಂದಿರುವ ಹೆಸರು ಅದರ ಯೋಗ್ಯತೆಗಿಂತ ದೊಡ್ಡದು ಎಂಬುದು ನನ್ನ ಖಚಿತ ಅಭಿಪ್ರಾಯ. ಮಾರುಕಟ್ಟೆಯಲ್ಲಿ ಕಾರ್ಡ್ ಎಂದು ಮಾರಾಟವಾಗುತ್ತಿರುವುದರಲ್ಲಿ ಬಹುಪಾಲು ಬರೀ ವಿಳಾಸ. ಹೆಸರು, ನಂಬರ್ ಇರುವುದು ಬೇರೊಬ್ಬರ ಸರ್ವರಿನಲ್ಲಿ. ಆ ಮನೆಯವರು ಬಾಗಿಲು ಹಾಕಿದರೆ ಕೈಯಲ್ಲಿ ಉಳಿಯುವುದು ಖಾಲಿ ಪ್ಲಾಸ್ಟಿಕ್. ಎರಡು ಫೋನುಗಳನ್ನು ಪರಸ್ಪರ ಕುಟ್ಟಿ ನಂಬರ್ ಹಂಚಿಕೊಳ್ಳುವ ‘ಬಂಪ್’ ಆ್ಯಪನ್ನು ಜಗತ್ತೇ ಕೊಂಡಾಡಿತ್ತು. 2013ರಲ್ಲಿ ಗೂಗಲ್ ಅದನ್ನು ಕೊಂಡಿತು, 2014ರ ಜನವರಿ ಕೊನೆಗೆ ಅದು ನಿಂತೇಹೋಯಿತು. ಇಷ್ಟಾದರೂ ಯಾರೂ ಪಾಠ ಕಲಿತಂತಿಲ್ಲ.

ಲಿಂಕಿನ ಪರ ಇರುವ ಒಂದೇ ಗಟ್ಟಿ ವಾದವೆಂದರೆ ನಂಬರ್ ಬದಲಾದರೆ ತಿದ್ದಬಹುದು ಎಂಬುದು. ಒಪ್ಪೋಣ. ಆದರೆ 2011ರಲ್ಲಿ ದೇಶವಿಡೀ ಪೋರ್ಟಿಂಗ್ ಬಂದ ಮೇಲೆ ಸಿಮ್ ಕಂಪನಿ ಬದಲಾದರೂ ನಂಬರ್ ಉಳಿಯುತ್ತದೆ. ನಮ್ಮ ವ್ಯಾಪಾರಿಗಳು ಅಂಗಡಿ ಬದಲಿಸಿಯಾರು, ನಂಬರ್ ಬಿಡುವವರಲ್ಲ.

ಯಾರೂ ಗಮನ ಕೊಡದೆ ಮೂಲೆಗೆ ಬಿದ್ದಿರುವುದು ವಿಕಾರ್ಡ್. 1990ರ ದಶಕದ ನಡುವಿನಲ್ಲಿ ಆಪಲ್, ಎಟಿ ಆ್ಯಂಡ್ ಟಿ, ಐಬಿಎಂ, ಸೀಮೆನ್ಸ್ ಸೇರಿ ರೂಪಿಸಿದ ಸಾದಾ ಬರಹದ ಫೈಲ್ ಅದು. ಹೆಸರು, ನಂಬರ್ ಅದರೊಳಗೇ ಇರುತ್ತವೆ. ಅದನ್ನು ಕ್ಯೂಆರ್ ಕೋಡಿನಲ್ಲಿ ತುಂಬಿದರೆ ಇಂಟರ್‌ನೆಟ್ ಬೇಡ, ಚಂದಾ ಬೇಡ, ಯಾರ ಅಪ್ಪಣೆಯೂ ಬೇಡ.

ಅದರಲ್ಲಿ ಹೆಸರು ಬರೆಯುವ ಸಾಲೊಂದಿದೆ. ಡಿಜಿಟಲ್ ಕಾರ್ಡಿನ ನಿಜವಾದ ಪರೀಕ್ಷೆ ನಡೆಯುವುದು ಅಲ್ಲಿ. ಆ ಸಾಲಿಗೆ ಐದು ಖಾನೆ: ಮೊದಲು ಮನೆತನದ ಹೆಸರು, ಆಮೇಲೆ ಇಟ್ಟ ಹೆಸರು, ನಡುವಿನ ಹೆಸರು, ಹಿಂದೆ ಮುಂದೆ ಹಚ್ಚುವ ಬಿರುದುಗಳು. ಈಗ ಕುವೆಂಪು ಅವರನ್ನು ಇದರಲ್ಲಿ ಕೂರಿಸಿ ನೋಡಿ. ಕುಪ್ಪಳಿ ಊರು, ವೆಂಕಟಪ್ಪ ತಂದೆ, ಪುಟ್ಟಪ್ಪ ಇಟ್ಟ ಹೆಸರು. ಮನೆತನದ ಹೆಸರೇ ಇಲ್ಲ! ಆ್ಯಪುಗಳ ಫಾರ್ಮ್ ‘ಫಸ್ಟ್ ನೇಮ್’ ಕೇಳಿದಾಗ ಮೊದಲು ಬರುವ ಕುಪ್ಪಳಿಯನ್ನೇ ತುಂಬಿದರೆ ಕಾರ್ಡ್ ಊರನ್ನು ಮನುಷ್ಯನೆಂದು ಪರಿಚಯಿಸುತ್ತದೆ. ಲಾಸ್ಟ್ ನೇಮ್ ತುಂಬದೆ ಮುಂದಕ್ಕೆ ಬಿಡದ ಫಾರ್ಮುಗಳಲ್ಲಿ ನಮ್ಮವರು ಇನಿಶಿಯಲ್ಲನ್ನು ಕೊನೆಗೆ ತುರುಕಿ ಹೆಸರನ್ನು ತಿರುವುಮುರುವು ಮಾಡಿಕೊಳ್ಳುತ್ತಾರೆ. 1998ರ ಮೂರನೇ ಆವೃತ್ತಿಯ ವಿಕಾರ್ಡಿನಲ್ಲಿ ಐದು ಖಾನೆಯ ಸಾಲೂ ಬೇಕು, ಇಡೀ ಹೆಸರನ್ನು ಒಟ್ಟಿಗೆ ಬರೆಯುವ ಇನ್ನೊಂದು ಸಾಲೂ ಬೇಕು. 2011ರ ನಾಲ್ಕನೆಯ ಆವೃತ್ತಿ ಮಾತ್ರ ಖಾನೆಗಳ ಕಡ್ಡಾಯ ತೆಗೆದು ಇಡೀ ಹೆಸರೊಂದಿದ್ದರೆ ಸಾಕು ಎಂದಿತು. ನಮ್ಮಂಥವರ ಹೆಸರಿಗೆ ಸಿಕ್ಕ ನ್ಯಾಯ ಅದು. ಮೂರನೇ ಆವೃತ್ತಿಯಲ್ಲೂ ದಾರಿಯಿದೆ: ಮನೆತನದ ಖಾನೆ ಖಾಲಿ ಬಿಟ್ಟು ‘ಕೆ. ವಿ. ಪುಟ್ಟಪ್ಪ’ ಎಂದು ಇಡಿಯಾಗಿ ಎರಡನೆಯದರಲ್ಲಿ ಬರೆದರಾಯಿತು.

ಇನ್ನು ಲಿಪಿಯ ಲೆಕ್ಕ. ‘ಪುಟ್ಟಪ್ಪ’ ಎಂಬುದರಲ್ಲಿ ವ್ಯಂಜನ, ಸ್ವರಚಿಹ್ನೆ, ವಿರಾಮ ಸೇರಿ ಎಂಟು ಸಂಕೇತ. ಇಂಗ್ಲಿಷಿನಲ್ಲೂ ಎಂಟೇ ಅಕ್ಷರ. ಆದರೆ ಇಂಗ್ಲಿಷಿಗೆ 8 ಬೈಟ್ ಸಾಕು, ಕನ್ನಡಕ್ಕೆ ಸಂಕೇತಕ್ಕೆ ಮೂರರಂತೆ 24 ಬೇಕು. ಇನಿಶಿಯಲ್ ಸೇರಿದರೆ 40. ಮೂರನೇ ಆವೃತ್ತಿಯಲ್ಲಿ ಎರಡು ಸಾಲಿನಲ್ಲಿ ಬರೆಯಬೇಕಾದ್ದರಿಂದ 80. ಶುರುವಿನ, ಕೊನೆಯ ಸಾಲು, ಮೊಬೈಲ್ ನಂಬರ್ ಸೇರಿಸಿ ಕೂಡಿದರೆ ನನ್ನ ಲೆಕ್ಕಕ್ಕೆ 149 ಬೈಟ್ ಬಂತು. ತಾಗಿಸುವ ಕಾರ್ಡುಗಳಲ್ಲಿ ಅಗ್ಗಕ್ಕೆ ಸಿಗುವ ಎನ್‌ಟ್ಯಾಗ್ 213 ಚಿಪ್ಪಿನಲ್ಲಿ ಬಳಕೆಗೆ ಇರುವ ಜಾಗ 144. ಇಂಗ್ಲಿಷಿನಲ್ಲಾದರೆ ಇದೇ ಕಾರ್ಡ್ 97 ಬೈಟಿನಲ್ಲಿ ಆರಾಮಾಗಿ ಕೂರುತ್ತದೆ. 504 ಬೈಟಿನ 215 ಚಿಪ್ ಕೊಂಡರೆ ಕನ್ನಡಕ್ಕೂ ಜಾಗವಿದೆ, ಆದರೆ ಐಫೋನ್ ಚಿಪ್ಪಿನಿಂದ ತಾನಾಗಿ ಎತ್ತಿಕೊಳ್ಳುವುದು ಲಿಂಕಿನಂಥದ್ದನ್ನು, ವಿಕಾರ್ಡನ್ನಲ್ಲ. ಹಾಗಾಗಿ ತಾಗಿಸುವ ಕಾರ್ಡ್ ಮತ್ತೆ ಲಿಂಕಿಗೇ ಬಂದು ನಿಲ್ಲುತ್ತದೆ. ಕ್ಯೂಆರ್‌ನಲ್ಲಿ ಈ ಇಕ್ಕಟ್ಟಿಲ್ಲ. 57 ಚೌಕ ಅಗಲದ ಕೋಡ್ ಮಧ್ಯಮ ದೋಷ ತಿದ್ದುವಿಕೆಯಲ್ಲೂ 213 ಬೈಟ್ ಹಿಡಿಯುತ್ತದೆ.

ಆ್ಯಪುಗಳಿಗೆ ನಕ್ಷತ್ರ ಹಂಚುವ ವಿಮರ್ಶಕರು ಈ ಲೆಕ್ಕವನ್ನು ಮಾಡುವುದೇ ಇಲ್ಲ. ಅವರು ಎಣಿಸುವುದು ಬಣ್ಣದ ವಿನ್ಯಾಸ ಎಷ್ಟು, ಕಾರ್ಡನ್ನು ಎಷ್ಟು ಜನ ತೆರೆದು ನೋಡಿದರೆಂದು ತೋರಿಸುತ್ತದೆಯೇ, ಎದುರಿನವರ ನಂಬರನ್ನೂ ಕಸಿದುಕೊಡುತ್ತದೆಯೇ ಎಂದು. ಈ ಕೊನೆಯದಕ್ಕಂತೂ ನನ್ನ ಪೂರ್ಣ ವಿರೋಧವಿದೆ. ಕಾರ್ಡ್ ಕೊಡುವುದೆಂದರೆ ನನ್ನ ಗುರುತನ್ನು ನಾನು ಕೊಡುವುದು. ಪಡೆದವರು ತಮ್ಮದನ್ನು ಕೊಡುವುದು, ಬಿಡುವುದು ಅವರ ಇಷ್ಟ. ನಂಬರ್ ನೋಡಲು ಬಂದವರ ಮುಂದೆ ಮೊದಲು ನಿಮ್ಮ ವಿವರ ತುಂಬಿ ಎಂದು ಇಂಗ್ಲಿಷ್ ಫಾರ್ಮ್ ಹಿಡಿಯುವುದನ್ನು ‘ಲೀಡ್’ ಎಂದು ಹೊಗಳುವವರು 2023ರ ದತ್ತಾಂಶ ಕಾಯ್ದೆಯನ್ನು ಒಮ್ಮೆ ಓದಲಿ. ಒಪ್ಪಿಗೆ ಕೇಳುವ ಬರಹವನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಯಲ್ಲೂ ಓದುವ ಆಯ್ಕೆ ಜನಕ್ಕೆ ಇರಬೇಕು ಎಂದು ಅದು ಹೇಳುತ್ತದೆ. ಆ ಭಾಷೆಗಳಲ್ಲಿ ಕನ್ನಡವೂ ಇದೆ. ಕಾರ್ಡಿನ ಹೆಸರನ್ನು ಇಂಗ್ಲಿಷಿನಲ್ಲೇ ಬರೆದರೆ ಮುಗಿಯಿತಲ್ಲ ಎನ್ನುವವರೂ ಇದ್ದಾರೆ. ಇಂಗ್ಲಿಷ್ ಅಕ್ಷರದಲ್ಲಿ ಲ-ಳ, ನ-ಣ ಒಂದೇ ಆಗುತ್ತವೆ. ಹೆಸರು ಸರಿಯಾಗಿ ಕರೆಯಲು ಬಾರದ ಕಾರ್ಡಿನಿಂದ ಪರಿಚಯ ಹೇಗಾದೀತು? ಕಾಗದದ ಮಮತೆಯವರ ಜೊತೆಗೂ ನನಗೆ ತಕರಾರಿದೆ. ಕಾಗದದಲ್ಲಿರುವ ನಂಬರನ್ನು ಒಂದೊಂದೇ ಅಂಕಿ ಒತ್ತಿ ತಪ್ಪು ಮಾಡುವುದರಲ್ಲಿ ಏನು ಸೊಗಸಿದೆ?

ಕೊನೆಗೆ ಹೇಗೋ ಸಿಕ್ಕ ಪೀಣ್ಯದ ಆ ಉದ್ಯಮಿಗೆ ನಾನೇ ವಿಕಾರ್ಡ್ ಬರೆದುಕೊಟ್ಟೆ. ಸುಲ್ತಾನ್‌ಪೇಟೆಯ ಪ್ರೆಸ್ಸಿನಲ್ಲಿ ಅವರ ಹಳೆಯ ಕಾಗದದ ಕಾರ್ಡಿನ ಹಿಂಬದಿಗೆ ಎರಡೂವರೆ ಸೆಂಟಿಮೀಟರಿನ ಕ್ಯೂಆರ್ ಅಚ್ಚಾಯಿತು. ಮೊದಲ ಪ್ರತಿಯನ್ನು ಪ್ರೆಸ್ಸಿನ ಹುಡುಗ ಫೋನ್‌ಪೇ ತೆರೆದು ಸ್ಕ್ಯಾನ್ ಮಾಡಿದ, ದುಡ್ಡಿನ ಕೋಡ್ ಅಲ್ಲವಾದ್ದರಿಂದ ಆಗಲಿಲ್ಲ. ‘ಬರೀ ಕ್ಯಾಮೆರಾ ಹಿಡಿಯಪ್ಪ’ ಎಂದೆ, ಡೇಟಾ ಆಫ್ ಮಾಡಿಸಿದೆ. ಪರದೆಯ ಮೇಲೆ ಇನಿಶಿಯಲ್ ಮೊದಲು, ಹೆಸರು ಆಮೇಲೆ, ಕನ್ನಡದಲ್ಲಿ ಬಂತು. ಅವನು ಸೇವ್ ಒತ್ತಿದ.